ಊಟದ ಮೇಜಿಗೆ ಯಾವ ಪಾಲಿಶ್ ಮಾಡಿಸಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೇ ತೇಗದ ಊಟದ ಮೇಜಿದೆ. ಬಿಸಿ ಪಾತ್ರೆ ಇಟ್ಟಲ್ಲೆಲ್ಲ ಬಿಳಿ ಉಂಗುರ ಬಿದ್ದಿದೆ. ಬಡಗಿ ಪಿಯು (ಪಾಲಿಯುರೆಥೇನ್ ಅನ್ನುವ ಗಟ್ಟಿ ಪದರದ ಪಾಲಿಶ್) ಮಾಡಿಸಿ ಅಂತಾರೆ, ಪಕ್ಕದ ಮನೆಯವರು ಮೆಲಮೈನ್ ಅನ್ನುವ ಇನ್ನೊಂದು ಪಾಲಿಶ್ ಸಾಕು ಅಂತಾರೆ. ಯಾವುದು ಮಾಡಿಸಲಿ?

ಉತ್ತರ: ದಿನಾ ಊಟ ನಡೆಯುವ ಮೇಜಾದರೆ ನಾನು ಪಿಯು ಕಡೆಗೇ. ಖರ್ಚು ಜಾಸ್ತಿ, ನಿಜ. ಆದರೆ ಸಾರು, ಎಣ್ಣೆ, ನಿಂಬೆರಸ, ದಿನಕ್ಕೆ ಹತ್ತು ಸಲ ಒದ್ದೆ ಬಟ್ಟೆ, ಇಷ್ಟನ್ನೂ ತಡೆಯುವುದು ಅದೇ.

ಮೊದಲು ಈಗಿರುವ ಪಾಲಿಶ್ ಯಾವುದು ಅಂತ ನೋಡಿಕೊಳ್ಳಿ. ಮೇಜಿನ ಅಂಚಿನ ಕೆಳಗೆ, ಕಣ್ಣಿಗೆ ಬೀಳದ ಕಡೆ ಒಂದು ಹನಿ ಸ್ಪಿರಿಟ್ ಬಿಡಿ. ಒಂದೆರಡು ನಿಮಿಷ ಬಿಟ್ಟು ಬೆರಳಿಟ್ಟು ನೋಡಿ. ಅಂಟಂಟಾಗಿದ್ದರೆ ಅದು ಸ್ಪಿರಿಟ್ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ತಿಕ್ಕಿ ತಿಕ್ಕಿ ಹಚ್ಚುವುದು ಇದನ್ನೇ. ಚನ್ನಪಟ್ಟಣದ ಗೊಂಬೆಗಳ ಹೊಳಪು ಕೂಡ ಅರಗಿನದೇ, ಅಲ್ಲಿ ಅದನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದು ಆ ಬಿಸಿಗೇ ಹತ್ತಿಸುತ್ತಾರೆ. ತೇಗದ ಮೇಲೆ ಅರಗಿನಷ್ಟು ಚಂದ ಬೇರೆ ಯಾವುದೂ ಕಾಣುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಗೀರು ಬಿದ್ದರೆ ಅಷ್ಟೇ ಜಾಗಕ್ಕೆ ಮತ್ತೆ ಹಚ್ಚಬಹುದು. ಆದರೆ ಬಿಸಿಗೆ ಮೆತ್ತಗಾಗುತ್ತದೆ, ತೇವ ಒಳಗೆ ಸೇರಿ ಬೆಳ್ಳಗಾಗುತ್ತದೆ. ನಿಮ್ಮ ಮೇಜಿನ ಉಂಗುರಗಳು ಬಹುಶಃ ಹಾಗೆ ಬಂದವು. ಓದುವ ಮೇಜು, ದೇವರ ಮಂಟಪಕ್ಕೆ ಇದು ಇರಲಿ.

ಮೆಲಮೈನ್ ಕೂಡ ಗಟ್ಟಿಯೇ, ನೀರನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಕಡಿಮೆ. ಬಜೆಟ್ ಬಿಗಿಯಿದ್ದರೆ ಧೈರ್ಯವಾಗಿ ಮಾಡಿಸಿ. ಒಣಗುವಾಗ ಕಣ್ಣುರಿಯುವಷ್ಟು ವಾಸನೆ ಬರುತ್ತದೆ ಅಷ್ಟೇ.

ಪಿಯುಗೂ ಒಂದು ತೊಂದರೆಯಿದೆ. ಆಳವಾದ ಗೀರು ಬಿದ್ದರೆ ಅಷ್ಟಕ್ಕೇ ತೇಪೆ ಹಾಕಿದ್ದು ಎದ್ದು ಕಾಣುತ್ತದೆ. ಪೂರ್ತಿ ಹಲಗೆಯನ್ನೇ ಉಜ್ಜಿ ಮತ್ತೆ ಹೊಡೆಯಬೇಕಾಗಬಹುದು. ಅದಕ್ಕೇ ಕನ್ನಡಿಯಂಥ ಹೊಳಪು ಬೇಡ, ಹೊಳಪಿಲ್ಲದ ಮ್ಯಾಟ್ ಪಿಯು ಹೇಳಿ. ಸಣ್ಣಪುಟ್ಟ ಗೀರು ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಯಾವುದೇ ಮಾಡಿಸಿ, ಕೆಲಸದ ಅರ್ಧ ಉಪ್ಪುಕಾಗದದಲ್ಲೇ ಇದೆ. ಹಳೇ ಪಾಲಿಶ್ ಮೇಲೆ ಸುಮ್ನೆ ಪಿಯು ಹೊಡೆಯಲು ಬಿಡಬೇಡಿ, ಸಿಪ್ಪೆಯೇಳುತ್ತದೆ. ಮರ ಕಾಣುವವರೆಗೆ ತೆಗೆಸಿ, 120 ನಂಬರಿನ ಉಪ್ಪುಕಾಗದದಿಂದ ಶುರುಮಾಡಿ ಇನ್ನೂ ನಯವಾದ 180, 220ರವರೆಗೆ ಮರದ ಎಳೆಯ ಉದ್ದಕ್ಕೇ ಉಜ್ಜಿಸಿ. ತೇಗದಲ್ಲಿ ಸಹಜವಾಗಿಯೇ ಎಣ್ಣೆಯ ಅಂಶ ಇರುತ್ತದೆ. ಹೊಡೆಯುವ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಿದರೆ ಹಿಡಿತ ಚೆನ್ನಾಗಿರುತ್ತದೆ. ಹಲಗೆಯ ಕೆಳಭಾಗಕ್ಕೂ ಒಂದು ಕೋಟ್ ಹೇಳಿ. ಮೇಲೆ ಮಾತ್ರ ಹೊಡೆದರೆ ಕೆಳಗಿನಿಂದ ತೇವ ಎಳೆದುಕೊಂಡು ಹಲಗೆ ಬಾಗಬಹುದು.

ಜಡಿಮಳೆಯ ದಿನಗಳಲ್ಲಿ ಈ ಕೆಲಸ ಬೇಡ. ಸ್ಪ್ರೇ ಮಾಡುವಾಗ ಕಿಟಕಿ ತೆರೆದಿರಲಿ, ಮಕ್ಕಳು ಹತ್ತಿರ ಬರಬಾರದು, ಕೆಲಸದವರು ಸರಿಯಾದ ಮಾಸ್ಕ್ ಹಾಕಲೇಬೇಕು. ಮುಟ್ಟಿದರೆ ಒಣಗಿದಂತೆ ಕಂಡರೂ ಒಂದು ವಾರ ಪಾತ್ರೆ, ಪೇಪರ್ ಏನೂ ಇಡಬೇಡಿ. ಆಮೇಲೂ ಒಲೆಯಿಂದ ಇಳಿಸಿದ ಕುಕ್ಕರ್ ನೇರವಾಗಿ ಇಡುವಂತಿಲ್ಲ, ಕೆಳಗೊಂದು ಸಿಂಬೆ ಇರಲಿ.