ಡಿಸ್ಕ್‌ಗೆ ಬೀಗ, ಬೀಗದ ಕೈ ಯಾರ ಹತ್ತಿರ?

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಲ್ಯಾಪ್‌ಟಾಪ್ ರಿಪೇರಿ ಮಾಡುವವರಿಗೆ ಈಗ ಒಂದು ನೀಲಿ ಪರದೆ ಚೆನ್ನಾಗಿ ಪರಿಚಯ. ಮದರ್‌ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯೋಸ್ ಅಪ್‌ಡೇಟ್ ಆದರೂ ಸಾಕು, ವಿಂಡೋಸ್ ತೆರೆಯುವುದಿಲ್ಲ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನದೇ ವ್ಯವಸ್ಥೆ ಬಿಟ್‌ಲಾಕರ್, ಅದನ್ನು ತೆರೆಯುವ ರಿಕವರಿ ಕೀ ಕೇಳುತ್ತದೆ. ಆರಾರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ. 'ನಾನು ಇಂಥದ್ದೇನೂ ಹಾಕಿಯೇ ಇಲ್ವಲ್ಲ' ಅನ್ನುತ್ತಾರೆ ಗಿರಾಕಿ. 'ಕೀ ಇಲ್ಲ ಅಂದ್ರೆ ಫಾರ್ಮ್ಯಾಟ್ ಮಾಡ್ಕೊಡ್ತೀನಿ ಸಾರ್, ಡೇಟಾ ಬರಲ್ಲ' ಅನ್ನುತ್ತಾನೆ ಅಂಗಡಿಯವನು. ಇಬ್ಬರು ಹೇಳುವುದೂ ನಿಜ. ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಅನ್ನುವುದು ಸ್ವಲ್ಪ ಉದ್ದದ ಕತೆ.

ಮೊದಲು ಕೆಲಸ ನಡೆಯುವ ಜಾಗ ನೋಡೋಣ. ಟ್ಯಾಲಿಯಲ್ಲಿ ಒಂದು ಬಿಲ್ ಸೇವ್ ಮಾಡಿದರೆ ಅದು ನೇರವಾಗಿ ಡಿಸ್ಕ್‌ಗೆ ಹೋಗುವುದಿಲ್ಲ. ಮೇಲೆ ಫೈಲ್ ಸಿಸ್ಟಮ್, ಅದರಡಿ ಒಂದರ ಕೆಳಗೊಂದು ಡ್ರೈವರ್‌ಗಳು (ವಿಂಡೋಸ್‌ಗೂ ಯಂತ್ರದ ಭಾಗಗಳಿಗೂ ನಡುವೆ ಕೆಲಸ ಮಾಡುವ ತಂತ್ರಾಂಶಗಳು), ಕೊನೆಗೆ ಡಿಸ್ಕ್. ಬೀಗ ಹಾಕುವ ಎನ್‌ಕ್ರಿಪ್ಷನ್ ಡ್ರೈವರ್ ಈ ಸಾಲಿನ ನಡುವೆ ಕೂತಿರುತ್ತದೆ. ಬೆಂಗಳೂರಿನಿಂದ ಹೈವೇಯಲ್ಲಿ ಬರುವ ಗಾಡಿ ಗಣಂಗೂರು ಟೋಲ್ ದಾಟಿಯೇ ಮೈಸೂರಿಗೆ ಬರಬೇಕಲ್ವಾ, ಹಾಗೆ. ಕೆಳಗೆ ಹೋಗುವ ಪ್ರತಿ ಸೆಕ್ಟರನ್ನೂ ಅದು ಗುರುತು ಸಿಗದಂತೆ ಮಾಡಿ ಕಳಿಸುತ್ತದೆ, ಮೇಲೆ ಬರುವಾಗ ಮೊದಲಿನಂತೆ ಬಿಡಿಸಿ ಕೊಡುತ್ತದೆ. ಟ್ಯಾಲಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಆದ್ದರಿಂದಲೇ, ಕಂಪ್ಯೂಟರ್ ಆನ್ ಆಗಿರುವಾಗ ಒಳಗೆ ನುಗ್ಗಿದ ವೈರಸ್‌ಗೂ ಎಲ್ಲವೂ ತೆರೆದೇ ಕಾಣುತ್ತದೆ. ಈ ರಕ್ಷಣೆ ಇರುವುದು ಕಳುವಾದ, ಆಫ್ ಆದ ಯಂತ್ರಕ್ಕೆ. ಇದನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ.

ಮೊದಮೊದಲು ಬೀಗ ಬೀಳುತ್ತಿದ್ದದ್ದು ಫೈಲ್‌ಗೆ. ವಿಂಡೋಸ್ 2000ದಲ್ಲಿ ಬಂದ ವ್ಯವಸ್ಥೆ ಹಾಗಿತ್ತು. 2003ರಲ್ಲಿ ಆಪಲ್ ತಂದ ಫೈಲ್‌ವಾಲ್ಟ್ ಹೋಮ್ ಫೋಲ್ಡರ್‌ಗೆ ಮಾತ್ರ ಬೀಗ ಹಾಕುತ್ತಿತ್ತು. ಆದರೆ ಕಂಪ್ಯೂಟರ್ ತಾತ್ಕಾಲಿಕವಾಗಿ ಬರೆದುಕೊಳ್ಳುವ, ಬೀಗದ ಹೊರಗೆ ಉಳಿಯುವ ಟೆಂಪ್ ಫೈಲ್, ಸ್ವಾಪ್ ಫೈಲ್‌ಗಳಲ್ಲಿ ಅದೇ ಮಾಹಿತಿಯ ತುಣುಕುಗಳು ಬಿದ್ದಿರುತ್ತಿದ್ದವು. ಹಾಗಾಗಿ ಬೀಗ ಕೆಳಗಿಳಿದು ಡ್ರೈವರ್‌ಗೆ ಬಂತು. ಲಿನಕ್ಸ್‌ನಲ್ಲಿ 2004ರಲ್ಲಿ ಡಿಎಂ-ಕ್ರಿಪ್ಟ್ ಅನ್ನುವ ಇಂಥ ಡ್ರೈವರ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸೇರಿತು. ಅದು ಇವತ್ತಿಗೂ ಗಲಾಟೆಯಿಲ್ಲದೆ ನಡೆಯುತ್ತಿದೆ. ಗಲಾಟೆಯೆಲ್ಲ ವಿಂಡೋಸ್ ಕಡೆಗೇ.

ಅದೇ 2004ರ ಫೆಬ್ರವರಿಯಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಟ್ರೂಕ್ರಿಪ್ಟ್ ತಂತ್ರಾಂಶ ಬಂತು. ಇ4ಎಂ ಅನ್ನುವ ಹಳೆಯ ತಂತ್ರಾಂಶದ ಕೋಡ್ ಮೇಲೆ ಕಟ್ಟಿದ್ದು, ಉಚಿತ, ಕೋಡ್ ಎಲ್ಲರ ಕಣ್ಣಿಗೂ ಬಿದ್ದಿತ್ತು. ಬರೆದವರು ಮಾತ್ರ ಹೆಸರು ಹೇಳಲಿಲ್ಲ. ಬಳಸಿದವರಿಗೆ ಅದರ ಒಂದು ಕಿಟಕಿ ನೆನಪಿರಬೇಕು: ಹೊಸ ವಾಲ್ಯೂಮ್ (ಬೀಗ ಹಾಕಿದ ಜಾಗ) ಮಾಡುವಾಗ ಮೌಸ್ ಅನ್ನು ಸುಮ್ನೆ ಅತ್ತಿತ್ತ ಆಡಿಸುತ್ತಾ ಇರಿ ಅನ್ನುತ್ತಿತ್ತು. ಆ ಅಡ್ಡಾದಿಡ್ಡಿ ಚಲನೆಯೂ ಕೀ ತಯಾರಿಗೆ ಸೇರುತ್ತಿತ್ತು.

2008ರ ಫೆಬ್ರವರಿಯಲ್ಲಿ ಬಂದ 5.0 ಆವೃತ್ತಿ ವಿಂಡೋಸ್ ಇರುವ ಡ್ರೈವ್‌ಗೇ ಬೀಗ ಹಾಕಿತು. ವಿಂಡೋಸ್ ಏಳುವ ಮೊದಲೇ ಪಾಸ್‌ವರ್ಡ್. ಅದಕ್ಕೂ ಮುಂಚೆ ಇನ್ನೊಂದು ಕಿರಿಕಿರಿ: ರೆಸ್ಕ್ಯೂ ಸಿಡಿ ಬರೆಯಲೇಬೇಕು. ಬರೆದ ಸಿಡಿಯನ್ನು ಡ್ರೈವ್‌ಗೆ ಹಾಕಿ ತೋರಿಸಬೇಕು, ಅದು ಓದಿ ಪರೀಕ್ಷೆ ಮಾಡಿದ ಮೇಲೆಯೇ ಮುಂದಿನ ಹೆಜ್ಜೆ. ಆಗ ಎಷ್ಟೋ ಜನ ಬೈದುಕೊಂಡರು. ಈಗ ನೋಡಿದರೆ ಆ ಹಟ ಸರಿಯಾಗಿತ್ತು ಅನ್ನಿಸುತ್ತದೆ. ಡಿಸ್ಕ್‌ಗೆ ಬೀಗ ಬಿದ್ದಿದೆ, ಪಾಸ್‌ವರ್ಡ್ ನನ್ನ ತಲೆಯಲ್ಲಿದೆ, ಸಿಡಿ ಬೀರುವಿನಲ್ಲಿದೆ ಅನ್ನುವುದು ಬಳಸುವವನಿಗೆ ಗೊತ್ತಿರುತ್ತಿತ್ತು.

2014ರ ಮೇ 28ರಂದು ಟ್ರೂಕ್ರಿಪ್ಟ್ ಪುಟದಲ್ಲಿ ಇದ್ದಕ್ಕಿದ್ದಂತೆ ಒಂದು ಎಚ್ಚರಿಕೆ ಬಂತು. ಇದನ್ನು ಬಳಸುವುದು ಸುರಕ್ಷಿತವಲ್ಲ, ಬಿಟ್‌ಲಾಕರ್‌ಗೆ ಹೋಗಿ ಅಂತ. ಯಾಕೆ ಅನ್ನುವುದಕ್ಕೆ ಜಗತ್ತಿನ ಅರ್ಧ ಭಾಗ ಊಹೆ ಕಟ್ಟಿತು. ಜನರ ದೇಣಿಗೆಯಿಂದ ನಡೆದ ಕೋಡ್ ತಪಾಸಣೆ 2015ರ ಏಪ್ರಿಲ್‌ನಲ್ಲಿ ಮುಗಿಯಿತು. ಬೇಕಂತಲೇ ಇಟ್ಟ ಕಳ್ಳದಾರಿ ಏನೂ ಸಿಗಲಿಲ್ಲ. ಆದರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತಂತ್ರಾಂಶಗಳ ದೋಷ ಹುಡುಕುವ ಗೂಗಲ್ ತಂಡ ಪ್ರಾಜೆಕ್ಟ್ ಝೀರೋದ ಜೇಮ್ಸ್ ಫೋರ್ಶಾ ಎರಡು ದೋಷ ಹಿಡಿದರು. ಎರಡೂ ವಿಂಡೋಸ್ ಡ್ರೈವರ್‌ನಲ್ಲಿ. ಒಂದಂತೂ ಸಿ, ಡಿ ಅನ್ನುವ ಡ್ರೈವ್ ಅಕ್ಷರಗಳನ್ನು ನಿಭಾಯಿಸುವ ಕಡೆ ಇತ್ತು. ಅದನ್ನು ಬಳಸಿ ಸಾಮಾನ್ಯ ಬಳಕೆದಾರ ಅಡ್ಮಿನ್ ಆಗಿಬಿಡಬಹುದಿತ್ತು. ಗಣಿತ ಗಟ್ಟಿಯಾಗಿತ್ತು, ತೂತು ಇದ್ದದ್ದು ಅದನ್ನು ಹೊತ್ತ ಡ್ರೈವರ್‌ನಲ್ಲಿ. ಕರ್ನಲ್ ಒಳಗೆ ಕೂರುವ ಯಾವ ಕೋಡ್‌ಗೂ ಈ ಅಪಾಯ ತಪ್ಪಿದ್ದಲ್ಲ. ಟ್ರೂಕ್ರಿಪ್ಟ್ ಕೋಡ್ ಹಿಡಿದು ಫ್ರಾನ್ಸ್‌ನಲ್ಲಿ ಬೆಳೆದ ವೆರಾಕ್ರಿಪ್ಟ್ 1.15 ಆವೃತ್ತಿಯಲ್ಲಿ ಅದನ್ನು ಸರಿಮಾಡಿತು.

ಅಷ್ಟರಲ್ಲಿ ಹೊರಗಿನವರು ಡ್ರೈವರ್ ಬರೆಯುವುದೇ ಕಷ್ಟವಾಗಿತ್ತು. 64 ಬಿಟ್ ವಿಸ್ತಾದಿಂದ ಕರ್ನಲ್ ಡ್ರೈವರ್‌ಗೆ ಡಿಜಿಟಲ್ ಸಹಿ ಕಡ್ಡಾಯ. 2016ರ ವಿಂಡೋಸ್ 10 ಆವೃತ್ತಿಯಿಂದ ಹೊಸ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್‌ನದೇ ಸಹಿ ಬೇಕು. ವೈರಸ್ ತಡೆಯಲು ಇದು ಬೇಕಿತ್ತು, ಇಲ್ಲ ಅನ್ನಲಾಗದು. ಸಣ್ಣ ತಂಡಗಳಿಗೆ ಮಾತ್ರ ಬಾಗಿಲು ಕಿರಿದಾಯಿತು.

2007ರಲ್ಲಿ ವಿಸ್ತಾ ಜೊತೆ ಬಂದ ಬಿಟ್‌ಲಾಕರ್ ದುಬಾರಿ ಆವೃತ್ತಿಗಳಿಗಷ್ಟೇ ಸೀಮಿತವಾಗಿತ್ತು. ಅದು ಸಾಮಾನ್ಯವಾಗಿ ಯಂತ್ರದೊಳಗೆ ಕೀ ಕಾಯುವ ಟಿಪಿಎಂ ಚಿಪ್ ನಂಬಿ ನಡೆಯುತ್ತದೆ. ಬೂಟ್ ಆಗುವ ದಾರಿಯಲ್ಲಿ ಏನೂ ಬದಲಾಗಿಲ್ಲ ಅಂತ ಕಂಡರೆ ಮಾತ್ರ ಚಿಪ್ ಕೀ ಬಿಟ್ಟುಕೊಡುತ್ತದೆ. ಬೋರ್ಡ್ ಬದಲಾದರೆ ಚಿಪ್ಪೇ ಬೇರೆ, ಆ ನೀಲಿ ಪರದೆ ಬರುವುದು ಅದಕ್ಕೇ. ನಡುವೆ ಎನ್‌ಕ್ರಿಪ್ಷನ್ ಕೆಲಸವನ್ನು ಎಸ್‌ಎಸ್‌ಡಿಗೇ ಬಿಡೋಣ ಅನ್ನುವ ಪ್ರಯತ್ನವೂ ಆಯಿತು. 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಕೆಲವು ಎಸ್‌ಎಸ್‌ಡಿಗಳನ್ನು ಪಾಸ್‌ವರ್ಡ್ ಇಲ್ಲದೆಯೇ ತೆರೆದು ತೋರಿಸಿದರು. ಮರುವರ್ಷ ಕೆಲಸ ಮತ್ತೆ ಡ್ರೈವರ್‌ಗೇ ಬಂತು.

2024 ಎರಡು ಕಾರಣಕ್ಕೆ ಮುಖ್ಯ. ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ಡ್ರೈವರ್ ಕೆಟ್ಟ ಫೈಲ್ ಓದಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ರಿಪೇರಿ ಸುಲಭವಿತ್ತು: ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕು. ಆದರೆ ಬಿಟ್‌ಲಾಕರ್ ಇದ್ದ ಕಡೆ ಮೊದಲು ಆ 48 ಅಂಕಿ ಹುಡುಕಬೇಕಿತ್ತು. ಅದಾಗಿ ಕೆಲವೇ ತಿಂಗಳಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂತು. ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಹೋಮ್ ಆವೃತ್ತಿಯಲ್ಲೂ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. ಕೀ ಆ ಖಾತೆಗೆ ಸೇರುತ್ತದೆ. ಸಿಡಿ ಇಲ್ಲ, ತೋರಿಸುವ ಪರೀಕ್ಷೆಯೂ ಇಲ್ಲ.

ಬೀಗವೇ ಬೇಡ ಅಂತಲ್ಲ. ಮಂಡ್ಯದ ಆಡಿಟರ್ ಕಚೇರಿಯ ಲ್ಯಾಪ್‌ಟಾಪ್ ಬಸ್‌ನಲ್ಲಿ ಕಳೆದುಹೋದರೆ ನೂರಾರು ಜನರ ಪ್ಯಾನ್, ಆಧಾರ್ ವಿವರ ಅದರಲ್ಲಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಅಂಥ ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಲು ಅವಕಾಶವಿದೆ. ಆದರೆ ಕೀ ಸೇರಿದ ಖಾತೆ ಯಾವುದು ಅನ್ನುವುದೇ ಎಷ್ಟೋ ಕಡೆ ಗೊತ್ತಿರುವುದಿಲ್ಲ. ಕೊಟ್ಟ ದಿನ ಅಂಗಡಿಯ ಹುಡುಗ ಬೇಗ ಮುಗಿಯಲಿ ಅಂತ ತನ್ನದೇ ಇಮೇಲ್ ಹಾಕಿರಬಹುದು. ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಫಾರ್ಮ್ಯಾಟ್ ಮಾಡದೆ ಕೊಂಡಿದ್ದರೆ ಕೀ ಹಳೆಯ ಮಾಲೀಕರ ಖಾತೆಯಲ್ಲೇ ಇರಬಹುದು. ಲ್ಯಾಪ್‌ಟಾಪ್ ಸರಿಯಾಗಿ ನಡೆಯುತ್ತಿರುವಾಗಲೇ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ಅಂತ ನೋಡಬಹುದು. ಇದ್ದರೆ ಕೀ ಪ್ರಿಂಟ್ ಮಾಡಿ ಇಟ್ಟುಕೊಳ್ಳಬಹುದು, ಆದರೆ ಅದೇ ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಬೇಡ.