ಸತ್ತ ಹಕ್ಕಿಗಳನ್ನು ಎಣಿಸಿದರೆ ಸಾಲದು

2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಕೋಳಿಗಳಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಇಂಥ ಸುದ್ದಿ ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಚಿಕನ್ ತಿನ್ನಬಹುದಾ? ಚೆನ್ನಾಗಿ ಬೇಯಿಸಿದರೆ ತಿನ್ನಬಹುದು, ಆ ಬಿಸಿಗೆ ವೈರಸ್ ಉಳಿಯುವುದಿಲ್ಲ. ಕೋಳಿಗೆ ತಗಲುವ ಮೊದಲು ಅದು ಎಲ್ಲಿತ್ತು ಅಂತ ಕೇಳುವವರು ಕಡಿಮೆ.

ಹಕ್ಕಿಜ್ವರ ತರುವ ಇನ್‌ಫ್ಲುಯೆಂಜಾ ಎ (ಫ್ಲೂ) ವೈರಸ್‌ಗಳ ತವರು ಕಾಡು ನೀರುಹಕ್ಕಿಗಳು, ಅದರಲ್ಲೂ ಬಾತುಗಳು. ವೈರಸ್ ಅವುಗಳ ಕರುಳಲ್ಲಿ ಬೆಳೆದು, ಹಿಕ್ಕೆಯ ಜೊತೆ ಕೆರೆ ನೀರಿಗೆ ಸೇರುತ್ತದೆ. ಬಾತು ಮಾತ್ರ ಎಷ್ಟೋ ಸಲ ಆರಾಮಾಗಿ ಈಜಾಡಿಕೊಂಡಿರುತ್ತದೆ. ಅದೇ ಎಚ್5ಎನ್1 ಎಂಬ ಬಗೆಯ ವೈರಸ್ ಕೋಳಿಗಳ ಮಧ್ಯೆ ನುಗ್ಗಿದರೆ ಕೆಲವೇ ದಿನಗಳಲ್ಲಿ ಶೆಡ್ಡೇ ಖಾಲಿ. ಅದಕ್ಕೇ ಸತ್ತ ಹಕ್ಕಿಗಳ ಲೆಕ್ಕ ಸಾಲದು. ಚಳಿಗಾಲದಲ್ಲಿ ವಲಸೆ ಬಾತುಗಳು ನಮ್ಮ ಕೆರೆಗಳಿಗೆ ಇಳಿದಾಗ ದಂಡೆಯ ಹಸಿ ಹಿಕ್ಕೆಯನ್ನು, ಹಿಡಿದ ಹಕ್ಕಿಯ ಗಂಟಲು ಮತ್ತು ಗುದದ್ವಾರದ ದ್ರವವನ್ನು ಪರೀಕ್ಷಿಸಬೇಕು.

ಹಾಗಂತ ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಓಡಿಸಲು ಹೋಗಬೇಡಿ. ಅದು ದಡ್ಡತನ. ಹೆದರಿದ ಹಕ್ಕಿಗಳು ಇನ್ನಷ್ಟು ಊರುಗಳಿಗೆ ಚದುರುತ್ತವೆ, ಅಷ್ಟೇ. ಒಂದು ಫಾರಂನಿಂದ ಇನ್ನೊಂದಕ್ಕೆ ವೈರಸ್ ದಾಟಿಸುವುದರಲ್ಲಿ ಮೊಟ್ಟೆ ಟ್ರೇ, ಗಾಡಿ ಚಕ್ರ, ನಮ್ಮ ಚಪ್ಪಲಿಯ ಪಾಲೇ ಜಾಸ್ತಿ.

ಮನುಷ್ಯರಿಗೆ ಇದು ಸುಲಭವಾಗಿ ಹರಡುವುದಿಲ್ಲ. ಹಕ್ಕಿಯ ವೈರಸ್ ಅಂಟಿಕೊಳ್ಳುವ ಬಗೆಯ ಸಕ್ಕರೆ ಅಣು ನಮ್ಮ ಮೂಗು, ಗಂಟಲಿನ ಜೀವಕೋಶಗಳ ಮೇಲೆ ಕಡಿಮೆ. ಶ್ವಾಸಕೋಶದ ಆಳದಲ್ಲಿ ಹೆಚ್ಚು. ಹಾಗಾಗಿ ತಗಲುವುದು ಅಪರೂಪ, ತಗಲಿದರೆ ಕಷ್ಟ. 2003ರಿಂದೀಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ತಗಲಿದ್ದು, ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ತೀರಿಕೊಂಡಿದ್ದಾರೆ.

ಲ್ಯಾಬಿನವರು ವೈರಸ್ ಇದೆಯಾ ಅಂತ ನೋಡಿ ಸುಮ್ಮನಾಗುವುದಿಲ್ಲ, ಎಷ್ಟು ಬದಲಾಗಿದೆ ಅಂತಲೂ ನೋಡುತ್ತಾರೆ. ಅದರ ಜೀನ್‌ಗಳು 8 ತುಂಡುಗಳಲ್ಲಿವೆ. ಒಂದೇ ಜೀವಕೋಶಕ್ಕೆ ಎರಡು ಬಗೆಯ ಫ್ಲೂ ಹೊಕ್ಕರೆ ತುಂಡುಗಳು ಅದಲುಬದಲಾಗುತ್ತವೆ. 1957 ಮತ್ತು 1968ರ ಮಹಾಸೋಂಕುಗಳ ವೈರಸ್‌ಗಳು ಹುಟ್ಟಿದ್ದು ಹೀಗೆ, ಮನುಷ್ಯರ ಫ್ಲೂಗೆ ಹಕ್ಕಿ ಫ್ಲೂನ ತುಂಡುಗಳು ಸೇರಿ. 2023ರಲ್ಲಿ ಪೆರುವಿನ ಕಡಲಸಿಂಹಗಳು ಎಚ್5ಎನ್1ನಿಂದ ಸಾವಿರಗಟ್ಟಲೆ ಸತ್ತಾಗ, 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ವೈರಸ್ ಸಿಕ್ಕಾಗ ವಿಜ್ಞಾನಿಗಳು ಗಾಬರಿಯಾದದ್ದು ಇದಕ್ಕೇ. ಸಸ್ತನಿಗಳ ಮೈಯಲ್ಲಿ ಓಡಾಡಿದಷ್ಟೂ ಅದಕ್ಕೆ ನಮ್ಮಂಥವರ ಮೈ ಒಗ್ಗುವ ಅವಕಾಶ ಹೆಚ್ಚು.

ಕೆರೆ ಹತ್ತಿರ ನಾಲ್ಕಾರು ಹಕ್ಕಿಗಳು ಒಟ್ಟಿಗೆ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿ ಬೆಕ್ಕು ಕಚ್ಚಿಕೊಂಡು ಹೋಗದಂತೆ ನೋಡಿಕೊಳ್ಳಿ. ಪಶು ಆಸ್ಪತ್ರೆಗೆ ಬೇಗ ತಿಳಿಸಿ. ಮಾದರಿ ತಣ್ಣಗಿದ್ದಾಗಲೇ ಹಕ್ಕಿಜ್ವರ ಖಚಿತಪಡಿಸುವ ಭೋಪಾಲ್‌ನ ಲ್ಯಾಬ್ ತಲುಪಬೇಕು. ಬಿಸಿಲಲ್ಲಿ ಕೊಳೆತರೆ ಅದರಲ್ಲಿ ಏನೂ ಸಿಗದೆ ಹೋಗಬಹುದು.