ಪದ ಪರಿಚಯ: ಅನುಯಾಯಿತ್ವ

ಒಂದು ಗುರಿಯನ್ನು ತನ್ನದೇ ಎಂದುಕೊಂಡು, ಸ್ವಂತ ಬುದ್ಧಿ ಓಡಿಸುತ್ತಾ, ನಾಯಕನಿಗೆ ಹೆಗಲು ಕೊಡುವ ಗುಣಕ್ಕೆ ಅನುಯಾಯಿತ್ವ ಎನ್ನುತ್ತಾರೆ. 1988ರಲ್ಲಿ ಅಮೆರಿಕದ ಮ್ಯಾನೇಜ್‌ಮೆಂಟ್ ವಿದ್ವಾಂಸ ರಾಬರ್ಟ್ ಕೆಲ್ಲಿ ಇದನ್ನು ಎರಡು ಪ್ರಶ್ನೆಗಳಲ್ಲಿ ಹಿಡಿದಿಟ್ಟರು. ಈ ಮನುಷ್ಯ ತಾನೇ ಯೋಚಿಸುತ್ತಾನಾ? ಕೆಲಸಕ್ಕೆ ತಾನಾಗಿ ಮುಂದೆ ಬರುತ್ತಾನಾ? ಎರಡಕ್ಕೂ ಹೌದು ಅಂದರೆ ಒಳ್ಳೆಯ ಅನುಯಾಯಿ. ಉತ್ಸಾಹವಿದ್ದು ಯೋಚನೆ ಇಲ್ಲದವರು ಜಾಸ್ತಿಯಾದರೆ ಅದು ಹೌದಪ್ಪನ ಚಾವಡಿ. ಅಲ್ಲಿ ಅಲ್ಲಪ್ಪನ ಮಾತು ಕೇಳೋರ್ಯಾರು?

ಇದಕ್ಕೆ ದಂಡಿ ಯಾತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1930ರ ಮಾರ್ಚ್ 12ರಂದು ಬ್ರಿಟಿಷರ ಉಪ್ಪಿನ ಕಾನೂನು ಮುರಿಯಲು ಗಾಂಧೀಜಿ ಸಾಬರಮತಿಯಿಂದ ದಂಡಿ ಕಡಲತೀರಕ್ಕೆ ಹೊರಟರು. 24 ದಿನ, ಸುಮಾರು 385 ಕಿಲೋಮೀಟರ್ ನಡಿಗೆ. ನಮ್ಮ ಕಣ್ಣಿಗೆ ಬೀಳುವುದು ಕೋಲು ಹಿಡಿದು ಮುಂದೆ ನಡೆದವರು ಮಾತ್ರ, ಅಲ್ವಾ? ಆದರೆ ಅವರಿಗಿಂತ ಮೊದಲೇ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ‘ಅರುಣ ತುಕಡಿ’ ಆ ಹಳ್ಳಿಗಳಿಗೆ ಹೋಗಿತ್ತು. ತಂಗಲು ಜಾಗ ನೋಡುವುದು, ಊರಿನ ಜನಸಂಖ್ಯೆ, ಚರಕ, ಹಸುಗಳ ಲೆಕ್ಕ ಬರೆದುಕೊಳ್ಳುವುದು ಈ ಹುಡುಗರ ಕೆಲಸ. ಅದೇ ಮಾಹಿತಿ ಹಿಡಿದು ಗಾಂಧೀಜಿ ಊರೂರಲ್ಲಿ ಮಾತಾಡಿದರು. ಜನರನ್ನು ಸಜ್ಜು ಮಾಡಲು ಮುಂಚೆಯೇ ಓಡಾಡಿದ ವಲ್ಲಭಭಾಯಿ ಪಟೇಲರು ಯಾತ್ರೆ ಶುರುವಾಗುವ ಮೊದಲೇ, ಮಾರ್ಚ್ 7ರಂದು, ರಾಸ್ ಎಂಬ ಹಳ್ಳಿಯಲ್ಲಿ ಬಂಧನಕ್ಕೊಳಗಾದರು. ಅರುಣ ತುಕಡಿಯ ಹುಡುಗರ ಕತೆ ಪಾಠಪುಸ್ತಕಗಳಲ್ಲಿ ದೊಡ್ಡದಾಗಿ ಬರಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಎಲ್ಲರೂ ಸುಮ್ನೆ ಒಪ್ಪಿಕೊಂಡಿದ್ದರು ಅಂತಲ್ಲ. ದೇಶದ ಹೋರಾಟಕ್ಕೂ ಉಪ್ಪಿಗೂ ಏನು ಸಂಬಂಧ ಎಂದು ಜವಾಹರಲಾಲ್ ನೆಹರು ಅವರಿಗೇ ಮೊದಲು ಹೊಳೆದಿರಲಿಲ್ಲ. ಆಮೇಲೆ ಅವರೂ ಉಪ್ಪಿನ ಕಾನೂನು ಮುರಿದು ಏಪ್ರಿಲ್ 14ರಂದು ಜೈಲಿಗೆ ಹೋದರು.

ಅನುಯಾಯಿಗಳ ನಿಜವಾದ ಬಲ ತಿಳಿಯುವುದು ನಾಯಕ ಎದುರಿಗೆ ಇಲ್ಲದಾಗ. ಮೇ ತಿಂಗಳಲ್ಲಿ ಗಾಂಧೀಜಿ ಬಂಧನವಾಯಿತು. ಅವರ ಜಾಗಕ್ಕೆ ಹಿರಿಯ ಹೋರಾಟಗಾರ ಅಬ್ಬಾಸ್ ತ್ಯಾಬ್ಜಿ ಮುಂದೆ ಬಂದರು, ಅವರನ್ನೂ ಹಿಡಿದರು. ಸರೋಜಿನಿ ನಾಯ್ಡು ನಿಂತರು. ಮೇ 21ರಂದು ಗುಜರಾತಿನ ಧರಾಸನದ ಉಪ್ಪಿನ ಕೇಂದ್ರದ ಕಡೆಗೆ ಸತ್ಯಾಗ್ರಹಿಗಳು ಲಾಠಿ ಏಟು ತಿನ್ನುತ್ತಾ ಸಾಲುಸಾಲಾಗಿ ನಡೆದರು. ಯಾರೂ ತಿರುಗಿ ಕೈ ಎತ್ತಲಿಲ್ಲ. ಇತ್ತ ಅಂಕೋಲೆಯಲ್ಲಿ ಏಪ್ರಿಲ್ 13ರಂದೇ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು.

ದಂಡಿಗೆ ನಡೆದವರಲ್ಲಿ ಹಾವೇರಿ ಕಡೆಯ ಮೋಟೆಬೆನ್ನೂರಿನ ಯುವಕ ಮೈಲಾರ ಮಹಾದೇವಪ್ಪ ಕೂಡ ಇದ್ದರು. 1942ರ ಚಳವಳಿಯ ಹೊತ್ತಿಗೆ ತಮ್ಮ ಸೀಮೆಯಲ್ಲಿ ತಂಡ ಕಟ್ಟಿ ತಾವೇ ನಾಯಕರಾಗಿದ್ದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು.